ಮೂರನೇ ರಾತ್ರಿ ಯಾರಿರುತ್ತಾರೆ?

ಈ ಸಲ ನನ್ನ ಮುಂದೆ ಇಪ್ಪತ್ಮೂರು ಪತ್ರ ಇವೆ. ಅದರಲ್ಲಿ ಹದಿನಾಲ್ಕು ಕೂದಲು, ಮೂಗು, ಹೊಟ್ಟೆ, ಬಣ್ಣದ ಬಗ್ಗೆ. ಈ ಅಂಕಣ ಶುರುವಾದಾಗ ಬರುತ್ತಿದ್ದದ್ದು ಬರೀ ಶುಗರ್, ಬಿ.ಪಿ., ಮೊಣಕಾಲು ನೋವು. ಮೊನ್ನೆ ಸೂಪರ್ ಮಾರ್ಕೆಟ್ ಕಡೆ ಹೋಗಿದ್ದೆ. ಬಳೆ ಅಂಗಡಿ ಮೇಲಿನ ಮಹಡಿಯಲ್ಲಿ ‘ಹೇರ್, ಸ್ಕಿನ್, ಲೇಸರ್’ ಅಂತ ಹೊಸ ಬೋರ್ಡು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಂತಿನಲ್ಲಿ ಕಟ್ಟಬಹುದು’. ಫ್ರಿಜ್ ಕೊಂಡ ಹಾಗೆ.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. ಕಲಬುರಗಿಯಲ್ಲಿ 31 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಅದರಲ್ಲಿ 19 ವರ್ಷ ಸುಟ್ಟ ಗಾಯದ ವಾರ್ಡು ಮತ್ತು ಪ್ಲಾಸ್ಟಿಕ್ ಸರ್ಜರಿ ಥಿಯೇಟರ್. ಕತ್ತರಿ ಹಿಡಿದವಳಲ್ಲ, ಕತ್ತರಿ ಕೊಟ್ಟವಳು. ಯಾವ ಮಾತ್ರೆ, ಎಷ್ಟು ಡೋಸ್ ಅಂತ ನನ್ನನ್ನು ಕೇಳಬೇಡಿ. ಆಪರೇಷನ್ ಆದ ಮೇಲೆ ರಾತ್ರಿ ಪಾಳಿಯಲ್ಲಿ ಏನೇನಾಗುತ್ತದೆ ಅಂತ ಕೇಳಿ. ಅದು ನನಗೆ ಗೊತ್ತು.

ಪ್ರಶ್ನೆ: ನನಗೆ 27 ವರ್ಷ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ಮುಂದಿನ ಕೂದಲು ಉದುರಿ ಹಣೆ ದೊಡ್ಡದಾಗಿದೆ. ಇನ್ನು ನಾಲ್ಕು ತಿಂಗಳಿಗೆ ಲಗ್ನ. ಹೈದರಾಬಾದಿನಲ್ಲಿ ಒಬ್ಬರು ಕೂದಲು ನೆಡೋಕೆ 2,500 ಗ್ರಾಫ್ಟಿಗೆ (ಕಿತ್ತು ನೆಡುವ ಬೇರಿಗೆ) ಒಂದು ಲಕ್ಷ ಹೇಳಿದ್ದಾರೆ. ಬಿಲ್ ಬೇಕಾದರೆ ಮೇಲೆ ಇನ್ನೂ ಹದಿನೆಂಟು ಸಾವಿರವಂತೆ. ಬೆಳಿಗ್ಗೆ ಹೋಗಿ ಸಂಜೆ ರೈಲಿಗೆ ವಾಪಸ್ ಬರಬಹುದು ಅಂತಾರೆ. ಲಗ್ನದೊಳಗೆ ಕೂದಲು ಬರುತ್ತಾ ಅಕ್ಕಾರ?
— ಸೇಡಂನ ಓದುಗ

ಉತ್ತರ: ಬರಲ್ಲ ತಮ್ಮಾ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಅವರು ಮಾಡುವುದು ಇಷ್ಟು. ತಲೆಯ ಹಿಂಭಾಗದ ಕೂದಲು ಸಾಮಾನ್ಯವಾಗಿ ಕೊನೆವರೆಗೂ ಉಳಿಯುತ್ತದೆ. ಮುಂದೆ ಬೋಳಾದ ಮುತ್ಯಾಗಳನ್ನು ನೋಡು, ಕಿವಿ ಸುತ್ತ, ಹಿಂದೆ ಇದ್ದೇ ಇರುತ್ತದೆ. ಅಲ್ಲಿಂದ ಒಂದೊಂದೇ ಬೇರು ಕಿತ್ತು ಮುಂದೆ ನೆಡುತ್ತಾರೆ. ಭತ್ತದ ಸಸಿ ನಾಟಿ ಮಾಡಿದ ಹಾಗೆ ಅಂದುಕೋ. ಕೀಳುವ ಸಾಧನದ ಬಾಯಿ ಒಂದು ಮಿಲಿಮೀಟರಿಗಿಂತ ಸಣ್ಣದು. ಒಂದು ಗ್ರಾಫ್ಟಿನಲ್ಲಿ ಒಂದರಿಂದ ನಾಲ್ಕು ಕೂದಲು. ಎರಡೂವರೆ ಸಾವಿರ ಗ್ರಾಫ್ಟ್ ಅಂದರೆ ಹೆಚ್ಚು ಕಡಿಮೆ ಇಡೀ ದಿನದ ಕೆಲಸ.

ನೆಟ್ಟ ಮೇಲೆ ಹತ್ತು ದಿನ ತಲೆ ತುಂಬ ಹೆಕ್ಕಳೆ. ಎರಡನೇ ವಾರದಿಂದ ಆರನೇ ವಾರದೊಳಗೆ ನೆಟ್ಟ ಕೂದಲು ಬಹುಪಾಲು ಉದುರಿ ಹೋಗುತ್ತದೆ. ಹೆದರಬೇಡ, ಬೇರು ಒಳಗೇ ಇರುತ್ತದೆ. ಮೂರು, ನಾಲ್ಕನೇ ತಿಂಗಳಿಗೆ ಕೂಸಿನ ಕೂದಲಿನ ಹಾಗೆ ತೆಳ್ಳಗೆ ಮೊಳಕೆ. ಸರಿಯಾಗಿ ಕಾಣೋಕೆ ಒಂದು ವರ್ಷ ಬೇಕು. ಅಂದರೆ ಅಕ್ಕಿಕಾಳು ಬೀಳುವ ಹೊತ್ತಿಗೆ ನಿನ್ನ ಹಣೆ ಹೆಚ್ಚು ಕಡಿಮೆ ಈಗ ಇರುವ ಹಾಗೇ ಇರುತ್ತದೆ. ಬಾಸಿಂಗ ಕಟ್ಟಿದರೆ ಅದು ಹೇಗೂ ಮುಚ್ಚಿಹೋಗುತ್ತದೆ ಬಿಡು.

ಈಗ ಸಂಜೆ ರೈಲಿನ ಮಾತು. ಮುಂದಲೆಗೆ ನೆಟ್ಟವರಿಗೆ ಎರಡನೇ, ಮೂರನೇ ದಿನ ಹಣೆಯ ಊತ ಕೆಳಗಿಳಿದು ಕಣ್ಣಿಗೆ ಬರುತ್ತದೆ. ಕೆಲವರಿಗೆ ಕಣ್ಣು ತೆರೆಯೋಕೇ ಆಗಲ್ಲ. ಅದು ತಾನೇ ಇಳಿಯುತ್ತದೆ. ಆದರೆ ಅದು ಬರೀ ಊತವೋ, ಕೀವು ಆಗುತ್ತಿದೆಯೋ ಅಂತ ಸೇಡಂನಲ್ಲಿ ಮೂರನೇ ರಾತ್ರಿ ಯಾರು ನೋಡಿ ಹೇಳುತ್ತಾರೆ? ನಾನು ಕೆಲಸದಲ್ಲಿದ್ದಾಗ ಇಂಥವನೇ ಒಬ್ಬ ಹುಡುಗ ನಮ್ಮ ವಾರ್ಡಿಗೆ ಬಂದಿದ್ದ. ಬೇರೆ ಊರಿನಲ್ಲಿ ‘ಪ್ಯಾಕೇಜ್’ ಮಾಡಿಸಿಕೊಂಡು ಬಂದವನು. ತಲೆಗೆ ಟವೆಲ್ ಸುತ್ತಿಕೊಂಡಿದ್ದ. ಟವೆಲ್ ಬಿಚ್ಚಿದರೆ ವಾಸನೆ. ಐದು ದಿನದಿಂದ ಅವರಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಿದ್ದನಂತೆ. ಫೋನ್ ತೋರಿಸಿದ. ಎಲ್ಲದಕ್ಕೂ ನೀಲಿ ಗೆರೆ ಬಿದ್ದಿತ್ತು, ಉತ್ತರ ಒಂದಕ್ಕೂ ಇರಲಿಲ್ಲ. ಆಪರೇಷನ್ ಮಾಡಿದ ಡಾಕ್ಟರ್ ಹೆಸರೇನು ಅಂತ ಕೇಳಿದೆ. ‘ಡಾಕ್ಟರ್ ಐದು ನಿಮಿಷ ಬಂದು ಹೋದರು, ಮಾಡಿದ್ದು ಹುಡುಗರು’ ಅಂದ.

ಆ ‘ಹುಡುಗರು’ ಮಾಡುವ ಹಾಗೇ ಇಲ್ಲ ಗೊತ್ತಾ? ಕೂದಲು ನೆಡುವ ಆಪರೇಷನ್ ಯಾರು ಮಾಡಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅದಕ್ಕೆ ತಕ್ಕ ತರಬೇತಿ ಪಡೆದ ವೈದ್ಯರು, ಅಂದರೆ ಪ್ಲಾಸ್ಟಿಕ್ ಸರ್ಜನ್ ಅಥವಾ ಚರ್ಮರೋಗ ತಜ್ಞರು ಮಾಡಬೇಕು. ಟೆಕ್ನಿಷಿಯನ್ ಸಹಾಯ ಮಾಡಬಹುದು ಅಷ್ಟೇ. ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಅಲ್ಲ ಅಂತಲೂ ಅದರಲ್ಲಿದೆ. ಅದಕ್ಕೇ ಹೋದ ದಿನವೇ ಕೇಳು. ಬೇರು ಕೀಳುವವರು ಯಾರು, ಚುಚ್ಚುಮದ್ದು ಕೊಡುವವರು ಯಾರು, ಅವರ ನೋಂದಣಿ ನಂಬರ್ ಏನು. ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡರೆ ಎದ್ದು ಬಾ.

ಬಿಲ್ ಬೇಡ ಅನ್ನಬೇಡ. ಚೆಂದಕ್ಕೆ ಅಂತ ಮಾಡಿಸುವ ಸರ್ಜರಿಗೆ, ಕೂದಲು ನೆಡಿಸುವುದಕ್ಕೆ 18% ಜಿಎಸ್‌ಟಿ ಇದೆ. ಹಾಗಾಗಿ ಹದಿನೆಂಟು ಸಾವಿರದ ಲೆಕ್ಕ ಸರಿಯೇ. ಆದರೆ ಅದನ್ನು ಉಳಿಸೋಕೆ ಹೋದರೆ ನಾಳೆ ಏನಾದರೂ ಆದಾಗ ನಿನ್ನ ಕೈಯಲ್ಲಿ ಒಂದು ಚೀಟಿಯೂ ಇರಲ್ಲ.

ಇನ್ನೊಂದು. 27ಕ್ಕೆ ಉದುರುವುದು ಇನ್ನೂ ನಿಂತಿರಲ್ಲ. ಈಗ ಮುಂದೆ ನೆಡಿಸಿ ಸುಮ್ಮನಿದ್ದರೆ ಅದರ ಹಿಂದಿನದು ಉದುರುತ್ತಾ ಹೋಗುತ್ತದೆ. ಹತ್ತು ವರ್ಷಕ್ಕೆ ಹಣೆ ಮೇಲೊಂದು ಬೇಲಿ, ಅದರ ಹಿಂದೆ ಬಯಲು. ಹಿಂದಲೆಯ ದಾಸ್ತಾನು ಒಂದೇ ಸಲದ್ದು, ಕಿತ್ತ ಜಾಗದಲ್ಲಿ ಮತ್ತೆ ಬೆಳೆಯಲ್ಲ. ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗಿ ಉದುರುವುದನ್ನು ತಡೆಯುವ ಔಷಧಿ ಕೇಳು. ಗುಟಕಾ, ಸಿಗರೇಟು ಇದ್ದರೆ ಬಿಡು, ಗಾಯ ಮಾಯುವುದಕ್ಕೂ ಅವು ಅಡ್ಡ. ಲಗ್ನ ಆಗಲಿ. ಮುಂದಿನ ಚಳಿಗಾಲದಲ್ಲಿ ನೋಡೋಣ. ಹುಡುಗಿ ನಿನ್ನನ್ನು ನೋಡೋಕೆ ಬಂದಾಗಲೂ ಆ ಹಣೆ ಅಲ್ಲೇ ಇತ್ತು ಅಲ್ವಾ?

ಪ್ರಶ್ನೆ: ಮಗಳಿಗೆ 16. ಪಿಯುಸಿ ಓದುತ್ತಿದ್ದಾಳೆ. ಮೂಗು ದಪ್ಪ ಅಂತ ದಿನಾ ಅಳು. ಮೂಗಿನ ಆಪರೇಷನ್ ಮಾಡಿಸು ಅಂತ ಹಟ. ಅವಳ ಅಪ್ಪನಿಗೆ ಗೊತ್ತಿಲ್ಲ. ಬೈದರೆ ಊಟ ಬಿಡುತ್ತಾಳೆ. ಏನು ಮಾಡಲಿ ಸಿಸ್ಟರ್?
— ಯಾದಗಿರಿಯ ತಾಯಿ

ಉತ್ತರ: ಬೈಯಬೇಡಿ ತಂಗಿ. ಅವಳ ಫೋನ್ ಇಸಕೊಳ್ಳಿ. ಕಸಿದುಕೊಳ್ಳಿ ಅಂತಲ್ಲ, ಒಂದು ಫೋಟೋ ತೆಗೆಯೋಕೆ.

ಅವಳನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ. ನೀವು ಐದು ಅಡಿ ದೂರ ನಿಂತು ಫೋನಿನ ಹಿಂದಿನ ಕ್ಯಾಮೆರಾದಲ್ಲಿ ತೆಗೆಯಿರಿ. ಆಮೇಲೆ ಅವಳು ಕೈ ಮಡಚಿ ಹತ್ತಿರದಿಂದ ತೆಗೆದುಕೊಂಡ ಸೆಲ್ಫಿಯನ್ನು ಪಕ್ಕದಲ್ಲಿಟ್ಟು ನೋಡಲಿ. ಎರಡೂ ಬೇರೆ ಮೂಗು. ಕ್ಯಾಮೆರಾಕ್ಕೆ ಯಾವುದು ಹತ್ತಿರ ಇರುತ್ತದೋ ಅದು ದೊಡ್ಡದಾಗಿ ಕಾಣುತ್ತದೆ, ಮುಖದಲ್ಲಿ ಮುಂದಕ್ಕಿರುವುದು ಮೂಗೇ ತಾನೆ. 2018ರಲ್ಲಿ ಅಮೆರಿಕದ ವೈದ್ಯರು ಇದನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಐದು ಅಡಿಯಿಂದ ತೆಗೆದ ಫೋಟೋಗೆ ಹೋಲಿಸಿದರೆ 12 ಇಂಚಿನಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಸುಮಾರು 30% ಅಗಲ ಕಾಣುತ್ತದಂತೆ. ನಿಮ್ಮ ಮಗಳು ದಿನಾ ನೋಡಿ ಅಳುತ್ತಿರುವುದು ಯಾರಿಗೂ ಕಾಣದ ಮೂಗನ್ನು.

ಇಷ್ಟು ಹೇಳಿದ ತಕ್ಷಣ ಅವಳು ಸುಮ್ಮನಾಗುತ್ತಾಳೆ ಅಂತ ನಾನೇನೂ ಅಂದುಕೊಂಡಿಲ್ಲ. ಹದಿನಾರರಲ್ಲಿ ನಾನೂ ಸುಮ್ಮನಿರಲಿಲ್ಲ. ನನ್ನ ಎಡಗೆನ್ನೆ ಮೇಲೆ ಉಬ್ಬಿದ ಮಚ್ಚೆ ಇತ್ತು. ಅವ್ವನಿಗೆ ಹೇಳದೆ ಪಕ್ಕದ ಮನೆಯ ಕಾಕು ಹತ್ತಿರ ಸುಣ್ಣಕ್ಕೆ ಬಟ್ಟೆ ಸೋಡಾ ಕಲಸಿ ಹಚ್ಚಿಸಿಕೊಂಡೆ. ಆಗೆಲ್ಲ ಅದೇ ಕಾಸ್ಮೆಟಿಕ್ ಸರ್ಜರಿ. ರಾತ್ರಿಯೆಲ್ಲ ಉರಿ. ಮಚ್ಚೆ ಹೋಯಿತು, ಬಟಾಣಿ ಗಾತ್ರದ ಗುಳಿ ಉಳಿಯಿತು. ಎಷ್ಟೋ ವರ್ಷದ ಮೇಲೆ ನಮ್ಮ ಸರ್ಜನ್ ಸಾಹೇಬರೇ ಸರಿ ಮಾಡಿಕೊಡುತ್ತೇನೆ ಅಂದರು. ಬೇಡ ಅಂದೆ. ದೊಡ್ಡ ಮನಸ್ಸಿನಿಂದ ಅಲ್ಲ, ಆ ತಿಂಗಳು ಮಗಳ ಕಾಲೇಜ್ ಫೀಸು ಕಟ್ಟಬೇಕಿತ್ತು, ರಜೆಯೂ ಇರಲಿಲ್ಲ. ಆಮೇಲೆ ಮರೆತೇಹೋಯಿತು. ಹಟ ಹಿಡಿದ ಮಕ್ಕಳು ಕದ್ದು ಇಂಥದ್ದೇನಾದರೂ ಮಾಡಿಕೊಳ್ಳುತ್ತಾರೆ, ಅದಕ್ಕೇ ಬೈಯಬೇಡಿ ಅಂದದ್ದು.

ಒಂದು ವಿಷಯ ಮಾತ್ರ ಕೇಳಿ ನೋಡಿ. ಅವಳು ರಾತ್ರಿ ಬಾಯಿ ತೆರೆದು ಮಲಗುತ್ತಾಳಾ? ಒಂದು ಹೊಳ್ಳೆ ಯಾವಾಗಲೂ ಕಟ್ಟಿರುತ್ತದಾ? ಹಾಗಿದ್ದರೆ ಮೂಗಿನ ನಡುಗೋಡೆ ಸೊಟ್ಟ ಇರಬಹುದು. ಅದು ಕಿವಿ-ಮೂಗು-ಗಂಟಲು ಡಾಕ್ಟರ್‌ಗೆ ತೋರಿಸುವ ವಿಷಯ, ಚೆಂದದ್ದಲ್ಲ. ಉಸಿರಾಟಕ್ಕೆ ತೊಂದರೆ ಇಲ್ಲ, ಆಕಾರ ಮಾತ್ರ ಬೇಡ ಅಂದರೆ ಪಿಯುಸಿ ಮುಗಿಯಲಿ ಅನ್ನಿ. ಮುಖದ ಎಲುಬು ಬೆಳೆದು ನಿಲ್ಲುವವರೆಗೆ ಒಳ್ಳೆಯ ಸರ್ಜನ್ ಯಾರೂ ಆಕಾರಕ್ಕಾಗಿ ಮೂಗು ಮುಟ್ಟಲ್ಲ. ಹೆಣ್ಣುಮಕ್ಕಳಿಗೆ ಹದಿನೈದು-ಹದಿನಾರು, ಗಂಡುಮಕ್ಕಳಿಗೆ ಇನ್ನೂ ಒಂದೆರಡು ವರ್ಷ ಜಾಸ್ತಿ. ಮಾಡಿದರೂ ಊತ ಪೂರ್ತಿ ಇಳಿಯೋಕೆ ವರ್ಷ ಹಿಡಿಯುತ್ತದೆ. ಹದಿನಾರರ ಹುಡುಗಿಗೆ ಒಂದು ವರ್ಷ ಕನ್ನಡಿ ಮುಂದೆ ಕಾಯುವುದು ಸಣ್ಣ ಮಾತಲ್ಲ. ಅಪ್ಪನಿಗೂ ಹೇಳಿ. ಊಟ ಬಿಡುವುದು, ಹೊರಗೆ ಬರದೆ ಇರುವುದು ಮುಂದುವರಿದರೆ ಮೂಗಿನ ಡಾಕ್ಟರ್‌ಗಿಂತ ಮೊದಲು ಮನಸ್ಸಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಇಲ್ಲದ ಐಬು ದೊಡ್ಡದಾಗಿ ಕಾಣುವುದೂ ಒಂದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ.

ಪ್ರಶ್ನೆ: ಎರಡು ಸಿಸೇರಿಯನ್ ಆಗಿದೆ. ಸಣ್ಣವನಿಗೆ ಎರಡು ವರ್ಷ. ಹೊಟ್ಟೆ ಇನ್ನೂ ಐದು ತಿಂಗಳ ಬಸುರಿಯ ಹಾಗಿದೆ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ, ನಾಚಿಕೆಯಾಗುತ್ತದೆ. ಲೈಪೋಸಕ್ಷನ್ ಮಾಡಿಸಿದರೆ ಹತ್ತು ಕಿಲೋ ಇಳಿಯುತ್ತದೆ ಅಂತ ರೀಲ್‌ನಲ್ಲಿ ನೋಡಿದೆ.
— ಹುಮನಾಬಾದ್

ಉತ್ತರ: ಬಸ್ಸಿನ ಸೀಟು ಕೊಟ್ಟರೆ ಕೂತುಕೊಳ್ಳಿ, ಎರಡು ಮಕ್ಕಳ ತಾಯಿಗೆ ಅದು ಸಲ್ಲಬೇಕಾದದ್ದೇ. ಉಳಿದದ್ದಕ್ಕೆ ಬರೋಣ.

ಮೊದಲು ಚಾಪೆ ಮೇಲೆ ಅಂಗಾತ ಮಲಗಿ. ಮೊಣಕಾಲು ಮಡಚಿ. ಹೊಕ್ಕುಳ ಮೇಲೆ ಬೆರಳು ಅಡ್ಡ ಇಟ್ಟು ತಲೆ ಮಾತ್ರ ಸ್ವಲ್ಪ ಎತ್ತಿ. ನಡುವೆ ಬೆರಳು ಒಳಗೆ ಹೋಗುವ ಸಂದು ಸಿಗುತ್ತದಾ? ಎರಡು ಬೆರಳಿಗಿಂತ ಜಾಸ್ತಿ ಅಗಲ ಇದ್ದರೆ ಹೊಟ್ಟೆಯ ಎರಡು ಪಟ್ಟಿ ಸ್ನಾಯು ಬಸಿರಿನಲ್ಲಿ ಅಗಲಿ, ಮತ್ತೆ ಕೂಡಿಲ್ಲ ಅಂತ. ತಲೆ ಎತ್ತಿದಾಗ ನಡುವೆ ಗುಡ್ಡದ ಹಾಗೆ ಉಬ್ಬುವುದೂ ಅದಕ್ಕೇ. ಹೀಗಿದ್ದರೆ ಲೈಪೋಸಕ್ಷನ್ ಏನೂ ಮಾಡಲ್ಲ. ಅದು ಚರ್ಮದ ಕೆಳಗಿನ ಕೊಬ್ಬನ್ನು ಕೊಳವೆಯಿಂದ ಹೀರುತ್ತದೆ ಅಷ್ಟೇ. ಅಗಲಿದ ಸ್ನಾಯು ಅಗಲಿಯೇ ಇರುತ್ತದೆ, ಜೋತ ಚರ್ಮ ಇನ್ನಷ್ಟು ಜೋಲುತ್ತದೆ.

ಹತ್ತು ಕಿಲೋ ಅನ್ನುವುದು ಸುಳ್ಳು. ಒಂದು ಸಲಕ್ಕೆ ಒಟ್ಟು ಐದು ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣ ಅಂತ ಲೆಕ್ಕ ಹಾಕಿ ರಾತ್ರಿ ಆಸ್ಪತ್ರೆಯಲ್ಲೇ ಇಟ್ಟು ನೋಡಿಕೊಳ್ಳಬೇಕು. ಆ ಐದು ಲೀಟರಿನಲ್ಲಿ ಅವರೇ ಒಳಗೆ ಬಿಟ್ಟ ನೀರೂ ಸೇರಿರುತ್ತದೆ. ಲೈಪೋಸಕ್ಷನ್ ತೂಕ ಇಳಿಸುವ ದಾರಿ ಅಲ್ಲ. ತೂಕ ಒಂದು ಮಟ್ಟಕ್ಕೆ ನಿಂತವರಿಗೆ, ಎಷ್ಟು ನಡೆದರೂ ಕರಗದ ಒಂದೆರಡು ಜಾಗಕ್ಕೆ ಮಾಡುವುದು. ಸುಲಭ ಅಂತಲೂ ಅಂದುಕೊಳ್ಳಬೇಡಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬರು ಬೊಜ್ಜು ತೆಗೆಸುವ ಆಪರೇಷನ್‌ಗೆ ಹೋಗಿ ತೀರಿಕೊಂಡದ್ದು ನಿಮಗೂ ನೆನಪಿರಬೇಕು. ಕೊಬ್ಬಿನ ಕಣ ರಕ್ತಕ್ಕೆ ಸೇರಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು, ಕಾಲಿನ ರಕ್ತ ಹೆಪ್ಪುಗಟ್ಟಿ ಮೇಲಕ್ಕೆ ಹೋಗಬಹುದು. ಅಪರೂಪ ನಿಜ. ಆದರೆ ಆದಾಗ ಕೈಗೆ ಸಿಗುವ ಹಾಗೆ ಐಸಿಯು, ಅರಿವಳಿಕೆ ಡಾಕ್ಟರ್ ಇರಬೇಕು. ಮಹಡಿ ಮೇಲಿನ ಕ್ಲಿನಿಕ್‌ನಲ್ಲಿ ಎರಡೂ ಇರಲ್ಲ.

ಸ್ನಾಯು ಅಗಲಿದೆ ಅಂದರೆ ಮೊದಲು ಫಿಸಿಯೋಥೆರಪಿ. ನಾಲ್ಕಾರು ತಿಂಗಳು ಸರಿಯಾಗಿ ಮಾಡಿದರೆ ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ಹೊಕ್ಕುಳ ಹತ್ತಿರ ಕೆಮ್ಮಿದಾಗ ಗಂಟು ಬರುತ್ತಿದ್ದರೆ ಹರ್ನಿಯಾ ಇರಬಹುದು, ಜನರಲ್ ಸರ್ಜನ್‌ಗೆ ತೋರಿಸಿ. ಕೊನೆಯ ದಾರಿ ‘ಟಮ್ಮಿ ಟಕ್’. ಈ ಸೊಂಟದಿಂದ ಆ ಸೊಂಟದವರೆಗೆ ಕೊಯ್ದು, ಸ್ನಾಯು ಎಳೆದು ಹೊಲಿದು, ಹೆಚ್ಚಿನ ಚರ್ಮ ತೆಗೆಯುತ್ತಾರೆ. ಇದು ದೊಡ್ಡ ಆಪರೇಷನ್. ಪಕ್ಕದಲ್ಲಿ ಕೊಳವೆ ನೇತಾಡುತ್ತಿರುತ್ತದೆ. ಒಂದು ವಾರ ಬಗ್ಗಿಯೇ ನಡೆಯಬೇಕು. ಆರು ವಾರ ತುಂಬಿದ ಕೊಡ ಎತ್ತುವ ಹಾಗಿಲ್ಲ, ಸಣ್ಣವನನ್ನೂ ಎತ್ತುವ ಹಾಗಿಲ್ಲ. ಮನೆಯಲ್ಲಿ ಆರು ವಾರ ನಿಮ್ಮ ಕೆಲಸ ಯಾರು ಮಾಡುತ್ತಾರೆ ಅಂತ ಗಂಡನ ಹತ್ತಿರ ಕೂತು ಮಾತಾಡಿ. ಅವರು ‘ನೋಡೋಣ’ ಅಂದರೆ ಬೇಡ. ಇನ್ನೊಂದು ಮಗು ಬೇಕು ಅಂತಿದ್ದರೂ ಈಗ ಬೇಡ. ಮಾಡಿಸುವುದೇ ಆದರೆ ದೀಪಾವಳಿ ಕಳೆದ ಮೇಲೆ. ವಾರಗಟ್ಟಲೆ ಹೊಟ್ಟೆಗೆ ಬಿಗಿ ಪಟ್ಟಿ ಹಾಕಿಕೊಂಡಿರಬೇಕು. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡ ಒಬ್ಬಾಕೆ ಮೈಯೆಲ್ಲ ಬೆವರುಸಾಲೆ ಎದ್ದು ಪಟ್ಟಿ ಬಿಚ್ಚಿ ಎಸೆದದ್ದನ್ನು ನಾನೇ ನೋಡಿದ್ದೇನೆ.

ನಾಲ್ಕು ಪತ್ರಕ್ಕೆ ಚಿಕ್ಕ ಉತ್ತರ

ಬೀದರ್‌ನ ಶಿಕ್ಷಕಿಗೆ (52 ವರ್ಷ. ಬೊಟಾಕ್ಸ್, ಫಿಲ್ಲರ್ ಎರಡೂ ಒಂದೇನಾ ಅಂತ ಕೇಳಿದ್ದಾರೆ): ಅಲ್ಲ ಮೇಡಂ. ಬೊಟಾಕ್ಸ್ ಸ್ನಾಯುವನ್ನು ಮಲಗಿಸುತ್ತದೆ, ಫಿಲ್ಲರ್ ಹಳ್ಳ ತುಂಬುತ್ತದೆ. ಹುಬ್ಬಿನ ನಡುವಿನ ಗೆರೆಗೆ ಬೊಟಾಕ್ಸ್ ಬಳಸಬಹುದು ಅಂತ ಅಮೆರಿಕದ ಔಷಧ ಇಲಾಖೆ ಒಪ್ಪಿದ್ದು 2002ರಲ್ಲಿ. ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ, ಮತ್ತೆ ಚುಚ್ಚಿಸಬೇಕು, ಮತ್ತೆ ದುಡ್ಡು. ಫಿಲ್ಲರ್ ಇನ್ನೂ ಸ್ವಲ್ಪ ಜಾಸ್ತಿ ದಿನ ನಿಲ್ಲುತ್ತದೆ, ಆದರೆ ತಪ್ಪಿ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಕಣ್ಣೂ ಹೋಗಬಹುದು. ಸಾಮಾನ್ಯವಾಗಿ ಹಾಕುವ ಹಯಲುರಾನಿಕ್ ಆಸಿಡ್ ಫಿಲ್ಲರ್ ಕರಗಿಸುವ ಇಂಜೆಕ್ಷನ್ ಬೇರೆ ಇದೆ. ಅದು ನಿಮ್ಮಲ್ಲಿ ಇದೆಯಾ, ತೋರಿಸಿ ಅಂತ ಕೇಳಿ. ಇದ್ದು, ಡಾಕ್ಟರೇ ಚುಚ್ಚುವುದಾದರೆ ಮಾಡಿಸಿಕೊಳ್ಳಿ. ‘ಈ ವಯಸ್ಸಿನಲ್ಲಿ ಶೋಕಿ ಅಂತಾರೆ’ ಅಂತ ಬರೆದಿದ್ದೀರಿ. ನಿಮ್ಮ ಸಂಬಳ, ನಿಮ್ಮ ಹಣೆ.

ಕಲಬುರಗಿಯ ಮದುಮಗಳ ಅಕ್ಕನಿಗೆ (ಪಾರ್ಲರ್‌ನಲ್ಲಿ ಬಿಳಿಯಾಗುವ ಗ್ಲುಟಾಥಯೋನ್ ಇಂಜೆಕ್ಷನ್): ಬೇಡವೇ ಬೇಡ. ಬಣ್ಣ ತಿಳಿಯಾಗಿಸೋಕೆ ಅಂತ ಆ ಇಂಜೆಕ್ಷನ್‌ಗೆ ಒಪ್ಪಿಗೆಯೇ ಇಲ್ಲ. ಪಾರ್ಲರ್‌ನಲ್ಲಿ ನರಕ್ಕೆ ಸೂಜಿ ಹಾಕಿಸಿಕೊಳ್ಳುವುದು ಅಂದರೇನು? ಮೆಡಿಕಲ್ ಶಾಪಿನವನು ಕೊಡುವ ‘ಬಿಳಿ’ ಕ್ರೀಮೂ ಬೇಡ, ಅದರಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಅಂಥ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ಹೇಳಿದೆ. ಹದಿನೈದು ದಿನ ಹೊಳಪು, ಬಿಟ್ಟ ಮೇಲೆ ಕೆಂಪು, ಮೊಡವೆ, ಉರಿ.

ಶಹಾಪುರದ ಹುಡುಗನಿಗೆ (19 ವರ್ಷ. ಎದೆ ಹುಡುಗಿಯ ಹಾಗಿದೆ, ಅಂಗಿ ಬಿಚ್ಚಿ ಕೆರೆಗೆ ಇಳಿಯೋಕೆ ನಾಚಿಕೆ): ಎಷ್ಟೊಂದು ಗಂಡುಮಕ್ಕಳಿಗೆ ಹದಿಹರೆಯದಲ್ಲಿ ಹೀಗಾಗುತ್ತದೆ ಅಂತ ಗೊತ್ತಾದರೆ ನಿನ್ನ ಅರ್ಧ ನಾಚಿಕೆ ಹೋಗುತ್ತದೆ. ಬಹಳ ಜನರಿಗೆ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ನಿನಗೆ ನಾಲ್ಕು ವರ್ಷ ಆಯಿತು ಅಂದಿದ್ದೀಯ, ಹಾಗಾಗಿ ಡಾಕ್ಟರ್‌ಗೆ ತೋರಿಸು. ಜಿಮ್ಮಿನಲ್ಲಿ ಯಾರಾದರೂ ಇಂಜೆಕ್ಷನ್ ಕೊಟ್ಟಿದ್ದರೆ ಮುಚ್ಚಿಡಬೇಡ, ಅದರಿಂದಲೂ ಬರುತ್ತದೆ. ಆಪರೇಷನ್ ಬೇಕಾದರೂ ಗೆರೆ ಸಣ್ಣದು.

ಹೆಸರು ಬರೆಯದ ಮದುಮಗನಿಗೆ (ಮುಂಗೈ ಮೇಲೆ ಹಳೆಯ ಹುಡುಗಿಯ ಹೆಸರಿನ ಹಚ್ಚೆ): ಲೇಸರ್‌ನಿಂದ ಹೋಗುತ್ತದೆ, ಒಂದೇ ಸಲಕ್ಕೆ ಹೋಗಲ್ಲ. ಒಂದು ಸಿಟ್ಟಿಂಗ್‌ನಿಂದ ಇನ್ನೊಂದಕ್ಕೆ ಆರರಿಂದ ಎಂಟು ವಾರ ಬಿಡಬೇಕು, ಹೀಗೆ ಹಲವು ಸಲ. ಕಪ್ಪು ಬೇಗ ಹೋಗುತ್ತದೆ, ಹಸಿರು, ಹಳದಿ ಹಟಮಾರಿ. ಆಸಿಡ್ ಮುಟ್ಟಬೇಡ. ಲಗ್ನಕ್ಕೆ ತುಂಬು ತೋಳಿನ ಶೇರ್ವಾನಿ ಹೊಲಿಸು.

ಪ್ರಶ್ನೆ: ಆರು ವರ್ಷದ ಹಿಂದೆ ಸ್ಟೋವ್ ಸಿಡಿದು ಕುತ್ತಿಗೆ, ಎದೆ ಸುಟ್ಟಿತು. ಈಗ ಗದ್ದ ಎದೆಗೆ ಎಳೆದುಕೊಂಡಿದೆ. ಮೇಲೆ ನೋಡೋಕೆ ಆಗಲ್ಲ, ಕೆಳತುಟಿ ಜೋತಿದೆ. ಪ್ಲಾಸ್ಟಿಕ್ ಸರ್ಜರಿ ಮಾಡಿಸುತ್ತೇನೆ ಅಂದರೆ ಅತ್ತೆ ‘ಮೂರು ಮಕ್ಕಳಾದ ಮೇಲೆ ಯಾರಿಗೆ ತೋರಿಸೋಕೆ ಚೆಂದ’ ಅನ್ನುತ್ತಾರೆ. ಇದು ಶೋಕಿನಾ ಅಕ್ಕಾ?
— ಚಿಂಚೋಳಿ ತಾಲ್ಲೂಕು

ಉತ್ತರ: ಅಲ್ಲವೇ ಅಲ್ಲ ನನ್ನವ್ವಾ. ನಿನ್ನ ಪತ್ರಕ್ಕೆ ಮೊದಲು ಉತ್ತರ ಬರೆಯಬೇಕಿತ್ತು. ಮದುವೆ ಗಲಾಟೆಯಲ್ಲಿ ಹಿಂದೆ ಬಿತ್ತು.

ನಿಮ್ಮ ಅತ್ತೆಗೆ ಸರ್ಕಾರದ ಲೆಕ್ಕವನ್ನೇ ಹೇಳು. ಚೆಂದಕ್ಕೆ ಮಾಡಿಸಿದರೆ 18% ತೆರಿಗೆ ಅಂತ ಮೇಲೆ ಬರೆದೆನಲ್ಲ, ಸುಟ್ಟ ಗಾಯ, ಅಪಘಾತ, ಹುಟ್ಟಿನಿಂದ ಬಂದ ಸೀಳು ತುಟಿಯಂಥದ್ದನ್ನು ಸರಿಪಡಿಸುವುದಕ್ಕೆ ಆ ತೆರಿಗೆ ಇಲ್ಲ. ಆರೋಗ್ಯ ವಿಮೆಯಲ್ಲೂ ಹಾಗೇ. ಚೆಂದದ ಸರ್ಜರಿ ಹೊರಗೆ, ಸುಟ್ಟ ಗಾಯದ್ದು ಒಳಗೆ.

ಈ ವಿದ್ಯೆ ಹುಟ್ಟಿದ್ದೇ ನಿನ್ನಂಥವರಿಗಾಗಿ. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಕಟ್ಟುವುದನ್ನು ಸುಶ್ರುತ ಸಂಹಿತೆಯಲ್ಲೇ ಹೇಳಿದೆ. 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಒಬ್ಬ ಗಾಡಿ ಹೊಡೆಯುವವನ ಕಥೆ ಅಚ್ಚಾಯಿತು. ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಅನ್ನುವವನು. ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳಕೊಂಡಿದ್ದ. ಪುಣೆ ಕಡೆಯ, ಇಟ್ಟಿಗೆ ಮಾಡುವ ಮನೆತನದ ಒಬ್ಬ ಕುಶಲಿ ಮೇಣದಲ್ಲಿ ಮೂಗಿನ ಅಳತೆ ತೆಗೆದು, ಅದನ್ನು ಹಣೆ ಮೇಲೆ ಚಪ್ಪಟೆ ಹರಡಿ, ಅಷ್ಟೇ ಚರ್ಮ ಬಿಡಿಸಿ ಕೆಳಗೆ ತಿರುಗಿಸಿ ಹೊಸ ಮೂಗು ಕೂರಿಸಿದ. ಅದನ್ನು ಓದಿಯೇ ಕಾರ್ಪ್ಯೂ ಅನ್ನುವ ಲಂಡನ್ನಿನ ಸರ್ಜನ್ 1814ರಲ್ಲಿ ಅಲ್ಲಿ ಮಾಡಿದ್ದು.

ನಮ್ಮ ಥಿಯೇಟರಿನಲ್ಲೂ ಅದೇ. ಗಂಡ ಕುಡುಗೋಲಿನಿಂದ ಮೂಗು ಕೊಯ್ದಿದ್ದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಸಾಹೇಬರು ಮೇಣ ಕೇಳಲಿಲ್ಲ, ಹೊಲಿಗೆ ದಾರದ ಪ್ಯಾಕೆಟ್ಟಿನ ಹಾಳೆ ಕೇಳಿದರು. ನಾನು ಕೊಟ್ಟೆ. ಅದನ್ನೇ ಕತ್ತರಿಸಿ ಅಳತೆ ಮಾಡಿ ಹಣೆ ಮೇಲೆ ನೀಲಿ ಶಾಯಿಯಿಂದ ಗೆರೆ ಎಳೆದರು. ಮೂರು ವಾರ ಅವಳ ಹಣೆಯಿಂದ ಮೂಗಿಗೆ ಒಂದು ಚರ್ಮದ ಸೇತುವೆ. ಆಮೇಲೆ ಸೇತುವೆ ಕತ್ತರಿಸಿದರು. ಡಿಸ್ಚಾರ್ಜ್ ದಿನ ಅವಳು ಕನ್ನಡಿ ಕೇಳಲಿಲ್ಲ. ನನ್ನ ಮೂಗುಬಟ್ಟು ಮುಟ್ಟಿ, ‘ನನಗೂ ಚುಚ್ಚಬಹುದಾ’ ಅಂದಳು.

ನಿನ್ನದು ಗಾಯ ಮಾಯುವಾಗ ಚರ್ಮ ಕುಗ್ಗಿ ಎಳೆದುಕೊಂಡದ್ದು. ಬಿಗಿದ ಚರ್ಮ ಕೊಯ್ದು ಕುತ್ತಿಗೆ ಬಿಡಿಸಿ, ಅಲ್ಲಿಗೆ ಸಾಮಾನ್ಯವಾಗಿ ತೊಡೆಯ ಚರ್ಮ ತಂದು ಹಾಕುತ್ತಾರೆ. ಮೇಲೆ ನೋಡಬಹುದು, ಗಂಟಲಿಗೆ ನೀರು ಸಲೀಸಾಗಿ ಇಳಿಯುತ್ತದೆ. ಇದಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅವಕಾಶ ಇದೆ. ಬಿಪಿಎಲ್ ಕಾರ್ಡ್, ಆಧಾರ್ ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗು. ಅಲ್ಲಿ ಆಗದಿದ್ದರೆ ಬೇರೆ ಕಡೆಗೆ ಚೀಟಿ ಬರೆದುಕೊಡುತ್ತಾರೆ. ಬೆಂಗಳೂರಿನ ವಿಕ್ಟೋರಿಯಾದಲ್ಲಿ ಸುಟ್ಟ ಗಾಯಕ್ಕೆಂದೇ ಮಹಾಬೋಧಿ ವಾರ್ಡ್ ಇದೆ.

ಆದರೆ ಒಂದು ಮಾತು ನೆನಪಿಡು. ಆಪರೇಷನ್ ಅರ್ಧ ಕೆಲಸ. ಆಮೇಲೆ ತಿಂಗಳುಗಟ್ಟಲೆ ಕುತ್ತಿಗೆಗೆ ಪಟ್ಟಿ ಹಾಕಿಕೊಂಡಿರಬೇಕು, ದಿನಾ ಕುತ್ತಿಗೆ ಎತ್ತುವ ವ್ಯಾಯಾಮ ಮಾಡಬೇಕು. ಸೆಕೆ ಅಂತ, ಜನ ನೋಡುತ್ತಾರೆ ಅಂತ ಬಿಚ್ಚಿಟ್ಟವರ ಕುತ್ತಿಗೆ ಮತ್ತೆ ಎಳೆದುಕೊಂಡು ವಾಪಸ್ ಬಂದದ್ದನ್ನು ಎಷ್ಟು ಸಲ ನೋಡಿದ್ದೇನೋ. ಅತ್ತೆಗೆ ಬೈಯಬೇಡ, ಜೊತೆಗೆ ಕರೆದುಕೊಂಡು ಹೋಗು. ವಾರ್ಡಿನಲ್ಲಿ ರಾತ್ರಿ ಕೂರುವವರು ಒಬ್ಬರು ಬೇಕೇ ಬೇಕು.

ಪ್ರಶ್ನೆ: ನಮ್ಮ ಅವ್ವನಿಗೆ 58. ಭಾರದ ಝುಮಕಿ ಹಾಕಿ ಹಾಕಿ ಎರಡೂ ಕಿವಿಯ ಹಾಲೆ ಹರಿದು ಎರಡು ಸೀಳಾಗಿದೆ. ತಮ್ಮನ ಲಗ್ನಕ್ಕೆ ಓಲೆ ಹಾಕಬೇಕು ಅಂತ ಆಸೆ. ಪಾರ್ಲರ್‌ನಲ್ಲಿ ಹೊಲಿಗೆ ಇಲ್ಲದೆ ಗೋಂದು ಹಚ್ಚಿ ಅಂಟಿಸುತ್ತಾರಂತೆ.
— ಆಳಂದ

ಉತ್ತರ: ಈ ಪತ್ರ ಓದಿ ನಗು ಬಂತು, ಯಾಕೆ ಅಂತ ಹೇಳುತ್ತೇನೆ.

ಗೋಂದು ಬೇಡ. ಹರಿದ ಅಂಚಿನ ಮೇಲೆ ಆಗಲೇ ಚರ್ಮ ಬೆಳೆದುಬಿಟ್ಟಿರುತ್ತದೆ. ಅದನ್ನು ಕೂದಲೆಳೆಯಷ್ಟು ಕೆತ್ತಿ ಹಸಿ ಮಾಡಿ ಹೊಲಿದರೆ ಮಾತ್ರ ಕೂಡುತ್ತದೆ. ಕಿವಿಗಷ್ಟೇ ಮರಗಟ್ಟುವ ಇಂಜೆಕ್ಷನ್. ಒಂದು ಗಂಟೆಯೊಳಗೆ ಎರಡೂ ಕಿವಿ ಮುಗಿದು ಮನೆಗೆ ಬರಬಹುದು. ಇದೊಂದಕ್ಕೆ ಸಂಜೆ ಬಸ್ಸು ಹಿಡಿಯಿರಿ, ನಾನು ಬೇಡ ಅನ್ನಲ್ಲ. ವಾರ, ಹತ್ತು ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಶುಗರ್ ಇದ್ದರೆ ಮೊದಲು ಅದನ್ನು ನೋಡಿಕೊಳ್ಳಿ. ಹಳೆಯ ಗಾಯ ಯಾವುದಾದರೂ ಗಂಟಿನ ಹಾಗೆ ಉಬ್ಬಿ ಬೆಳೆದಿದ್ದರೆ ಡಾಕ್ಟರ್‌ಗೆ ಹೇಳಿ, ಅಂಥ ಮೈಯವರಿಗೆ ಕಿವಿಯಲ್ಲೂ ಹಾಗೇ ಬೆಳೆಯಬಹುದು.

ಮತ್ತೆ ಚುಚ್ಚಿಸುವುದು ಮೂರು ತಿಂಗಳ ಮೇಲೆ, ಹೊಲಿದ ಗೆರೆಯ ಮೇಲಲ್ಲ, ಪಕ್ಕದಲ್ಲಿ. ಇದನ್ನು ನೂರಾರು ಜನರಿಗೆ ಹೇಳಿದವಳು ನಾನು. ಮಗಳ ಲಗ್ನಕ್ಕೆ ನನ್ನ ಕಿವಿಯನ್ನೂ ಸಾಹೇಬರ ಹತ್ತಿರ ಹೊಲಿಸಿಕೊಂಡೆ. ಐದನೇ ವಾರಕ್ಕೆ ತಡೆಯಲಾಗಲಿಲ್ಲ. ಅಕ್ಕಸಾಲಿ ಹತ್ತಿರ ಹೋಗಿ, ಅದೇ ಗೆರೆ ಮೇಲೆ ಚುಚ್ಚಿಸಿ, ಆಯಿ ಕೊಟ್ಟಿದ್ದ ಒಂದೂವರೆ ತೊಲೆಯ ಬೆಂಡೋಲೆ ಜೋಡಿ ಹಾಕಿಕೊಂಡೆ. ಲಗ್ನ ಚೆನ್ನಾಗಿಯೇ ಆಯಿತು. ಶರಣಬಸವೇಶ್ವರ ಜಾತ್ರೆಯ ನೂಕುನುಗ್ಗಲಿನಲ್ಲಿ ಯಾರದೋ ಸೆರಗು ಸಿಕ್ಕಿಕೊಂಡು ಬಲಗಿವಿ ಮತ್ತೆ ಹರಿಯಿತು. ಮರುದಿನ ಡ್ಯೂಟಿಗೆ ಕಿವಿ ಮುಚ್ಚಿ ಸೆರಗು ಹೊದ್ದುಕೊಂಡು ಹೋದೆ. ಸಾಹೇಬರು ಏನೂ ಕೇಳಲಿಲ್ಲ. ರೌಂಡ್ಸ್ ಮುಗಿಸಿ, ‘ಸಿಸ್ಟರ್, ಎಷ್ಟನೇ ವಾರಕ್ಕೆ?’ ಅಂದರು.

ಎರಡನೇ ಸಲ ಪೂರ್ತಿ ನಾಲ್ಕು ತಿಂಗಳು ಕಾದೆ. ಬೆಂಡೋಲೆ ಮಗಳಿಗೆ ಕೊಟ್ಟಾಯಿತು. ಈಗ ಹಾಕುವುದು ಎರಡು ಗ್ರಾಮಿನ ಟಾಪ್ಸ್. ನಿಮ್ಮ ಅವ್ವ ಝುಮಕಿಯೇ ಬೇಕು ಅಂದರೆ ಲಗ್ನದ ಮೂರು ತಾಸು ಹಾಕಿಕೊಳ್ಳಲಿ, ಮೇಲಿಂದ ಕೂದಲಿಗೆ ಸರಪಳಿ ಕೊಟ್ಟು. ಭಾರ ಸರಪಳಿ ಮೇಲೆ ಬೀಳಬೇಕು, ಕಿವಿ ಮೇಲಲ್ಲ. ರಾತ್ರಿ ಮಲಗುವಾಗ ತೆಗೆದಿಡಲಿ.